ರಂಜಕ ರಂಧ್ರ

ರಂಜಕ ರಂಧ್ರ ಎಂಬುದು ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕು ಮತ್ತು ತೋಪುಗಳ ನಳಿಗೆಯ ಬುಡದಲ್ಲಿ ಕೊರೆದಿರುವ ಸಣ್ಣ ತೂತು. ಹೊರಗೆ ಹೊತ್ತಿಸಿದ ಬೆಂಕಿಯು ನಳಿಗೆಯೊಳಗಿನ ಮದ್ದನ್ನು ತಲುಪುವ ಏಕೈಕ ದಾರಿ ಇದು. ಚಕಮಕಿ ಬಂದೂಕಿನಲ್ಲಿ ಈ ತೂತು ನಳಿಗೆಯ ಬಲಮಗ್ಗುಲಲ್ಲಿ, ರಂಜಕದ ಬಟ್ಟಲಿನ ಪಕ್ಕದಲ್ಲಿರುತ್ತದೆ. ಇದರ ವ್ಯಾಸ ಸಾಮಾನ್ಯವಾಗಿ 2 ಮಿಲಿಮೀಟರಿನ ಆಸುಪಾಸು. ಅಳತೆಯಲ್ಲಿ ಇಷ್ಟು ಚಿಕ್ಕದಾದರೂ ಈಡು ಹಾರುವುದೋ ಇಲ್ಲವೋ, ತಡವಾಗುವುದೋ, ಪಕ್ಕದಲ್ಲಿ ನಿಂತವರಿಗೆ ಅಪಾಯವಾಗುವುದೋ ಎಂಬುದನ್ನು ನಿರ್ಧರಿಸುವಲ್ಲಿ ಇದರ ಸ್ಥಾನ, ಗಾತ್ರ ಮತ್ತು ಒಳಗಿನ ಆಕಾರಗಳ ಪಾಲು ದೊಡ್ಡದು. ಈ ತೂತು ಇಲ್ಲದ ನಳಿಗೆ ಕೇವಲ ಒಂದು ಕಬ್ಬಿಣದ ಕೊಳವೆ. ತೂತು ಬಿದ್ದೊಡನೆ ಅದು ಆಯುಧ. ಈ ವ್ಯತ್ಯಾಸವನ್ನು ಹಿಂದಿನ ಯುದ್ಧತಂತ್ರವೂ ಇಂದಿನ ಕಾನೂನೂ ಗುರುತಿಸಿವೆ.

ಹೆಸರು

ರಂಜಕ ಎಂದರೆ ಬಟ್ಟಲಿಗೆ ಹಾಕುವ ನುಣುಪಾದ ಮದ್ದು. ಈ ಪದ ಕನ್ನಡದಲ್ಲಿರುವಂತೆ ಮರಾಠಿ ಮತ್ತು ಹಿಂದಿಯಲ್ಲಿಯೂ ಬಳಕೆಯಲ್ಲಿದೆ. ತೂತನ್ನು ಆಡುಮಾತಿನಲ್ಲಿ ಬಂದೂಕಿನ ಕಿವಿ, ತೋಪಿನ ಕಿವಿ ಎನ್ನುವುದುಂಟು. ಮರಾಠಿಯ ‘ಕಾನ’, ತೆಲುಗಿನ ‘ಚೆವಿ’ ಎಂಬ ಪದಗಳಿಗೂ ಕಿವಿ ಎಂಬ ಅರ್ಥದ ಜೊತೆಗೆ ಇದೇ ಅರ್ಥವಿದೆ. ದೇಹದ ಅಂಗಗಳ ಹೆಸರುಗಳನ್ನು ಆಯುಧಕ್ಕೆ ಹಚ್ಚುವ ಈ ರೂಢಿಯಲ್ಲಿ ನಳಿಗೆಯ ಮುಂದಿನ ತುದಿ ಬಾಯಿಯಾದರೆ ಬುಡದ ತೂತು ಕಿವಿಯಾಯಿತು. ಕಲ್ಲನ್ನು ಕಚ್ಚಿ ಹಿಡಿಯುವ ಬಾಗಿದ ಭಾಗಕ್ಕೆ ‘ಕುದುರೆ’ ಎಂಬ ಹೆಸರಿದೆ.

ಚಕಮಕಿ ಬಂದೂಕಿನ ಕಾರ್ಯವಿಧಾನ

ರಂಧ್ರದ ಸ್ಥಾನ ಏಕೆ ಮುಖ್ಯವೆಂದು ತಿಳಿಯಲು ಬಂದೂಕು ಹಾರುವ ಕ್ರಮವನ್ನು ಮೊದಲು ನೋಡಬೇಕು.

ನಳಿಗೆಯ ಬಾಯಿಂದ ಅಳತೆಯ ಮದ್ದನ್ನು ಸುರಿದು, ಅದರ ಮೇಲೆ ಗುಂಡನ್ನಿಟ್ಟು ಗಜದಿಂದ ಜಡಿಯುತ್ತಾರೆ. ಗಜವೆಂದರೆ ನಳಿಗೆಯ ಕೆಳಗೆ ಸಿಕ್ಕಿಸಿಡುವ ಉದ್ದನೆಯ ಕೋಲು. ಬಳಿಕ ಹೊರಗಿನ ಬಟ್ಟಲಿಗೆ ಚಿಟಿಕೆ ರಂಜಕ ಹಾಕಿ ಉಕ್ಕಿನ ಮುಚ್ಚಳವನ್ನು ಮುಚ್ಚುತ್ತಾರೆ. ಸೈನಿಕರ ಕವಾಯಿತಿನಲ್ಲಿ ಬಟ್ಟಲಿಗೆ ಮೊದಲು ರಂಜಕ ಹಾಕಿ, ಆಮೇಲೆ ನಳಿಗೆ ತುಂಬುವ ಕ್ರಮವಿತ್ತು.

ಬೆರಳಿನಿಂದ ಒತ್ತಿದಾಗ ಕುದುರೆ ಮುಂದಕ್ಕೆ ಬಡಿಯುತ್ತದೆ. ಅದರ ಬಾಯಲ್ಲಿರುವ ಚಕಮಕಿ ಕಲ್ಲು ಉಕ್ಕಿನ ಮುಚ್ಚಳವನ್ನು ಕೆರೆದು ಹಿಂದಕ್ಕೆ ತಳ್ಳುತ್ತದೆ. ಆಗ ಹಾರುವ ಕಿಡಿಗಳು ಕಲ್ಲಿನವಲ್ಲ. ಕಲ್ಲು ಕೆತ್ತಿ ತೆಗೆದ ಉಕ್ಕಿನ ಕಣಗಳು ಗಾಳಿಯಲ್ಲಿ ಉರಿಯುವುದೇ ಕಿಡಿ. ಅವು ಬಟ್ಟಲಿಗೆ ಬಿದ್ದು ರಂಜಕವನ್ನು ಹೊತ್ತಿಸುತ್ತವೆ. ರಂಜಕದ ಜ್ವಾಲೆ ರಂಧ್ರದ ಮೂಲಕ ಒಳಹೊಕ್ಕು ಮುಖ್ಯ ಮದ್ದನ್ನು ಹೊತ್ತಿಸುತ್ತದೆ. ಎಲ್ಲವೂ ಸರಿಯಾಗಿದ್ದರೆ ಈ ಸರಣಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಕಾಲದಲ್ಲಿ ಮುಗಿಯುತ್ತದೆ. ಬಟ್ಟಲಿನ ಮಿಂಚು ಮತ್ತು ನಳಿಗೆಯ ಗುಡುಗು ಒಂದೇ ಸದ್ದಾಗಿ ಕೇಳಿಸುತ್ತವೆ.

ಸರಣಿಯಲ್ಲಿ ಎಲ್ಲಿಯಾದರೂ ತೊಡಕಾದರೆ ಎರಡು ಬಗೆಯ ಪರಿಣಾಮಗಳುಂಟು. ಬಟ್ಟಲಿನ ರಂಜಕ ಮಾತ್ರ ಭಗ್ಗೆಂದು ಉರಿದು ಆರಿ, ಒಳಗಿನ ಈಡು ಹಾಗೆಯೇ ಉಳಿಯುವುದು ಒಂದು. ಬೆಂಕಿ ನಿಧಾನವಾಗಿ ಒಳಗೆ ಸಾಗಿ, ಅರೆಕ್ಷಣವೋ ಅದಕ್ಕೂ ಹೆಚ್ಚೋ ತಡೆದು ಈಡು ಹಾರುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕಾರಿ. ಹಾರಲಿಲ್ಲವೆಂದು ತಿಳಿದು ಬಂದೂಕನ್ನು ಕೆಳಗಿಳಿಸುವಾಗಲೋ ಬಾಯಿಯನ್ನು ತಮ್ಮತ್ತ ತಿರುಗಿಸುವಾಗಲೋ ಅದು ಸಿಡಿಯಬಹುದು.

ರಂಧ್ರದ ಸ್ಥಾನ

ಸ್ಥಾನವನ್ನು ಮೂರು ದಿಕ್ಕುಗಳಲ್ಲಿ ನೋಡಲಾಗುತ್ತದೆ: ಬಟ್ಟಲಿಗೆ ಹೋಲಿಸಿದ ಎತ್ತರ, ಬಟ್ಟಲಿನ ಉದ್ದದಲ್ಲಿ ಅದರ ನೆಲೆ, ಮತ್ತು ನಳಿಗೆಯ ಬುಡದ ತಿರುಪಿಗೆ ಇರುವ ದೂರ.

ಎತ್ತರ: ಬಟ್ಟಲಿನ ಮೇಲಂಚಿನ ಮಟ್ಟಕ್ಕೆ ರಂಧ್ರದ ನಡು ಬರಬೇಕೆಂಬುದು ಕಸುಬುದಾರರ ಸಾಮಾನ್ಯ ನಿಯಮ. ಬಟ್ಟಲಿನ ಅಂಚನ್ನು ದಿಗಂತವೆಂದು ಭಾವಿಸಿದರೆ ರಂಧ್ರವು ಅರ್ಧ ಮುಳುಗಿದ ಸೂರ್ಯನಂತೆ ಕಾಣಬೇಕು. ಇದಕ್ಕೆ ಕಾರಣ ಸರಳ. ಮದ್ದು ಉರಿದಾಗ ಜ್ವಾಲೆ ಮೇಲಕ್ಕೂ ಪಕ್ಕಕ್ಕೂ ಹರಡುತ್ತದೆ. ರಂಧ್ರ ಆ ಜ್ವಾಲೆಯ ದಾರಿಯಲ್ಲಿದ್ದರೆ ಬೆಂಕಿ ನೇರವಾಗಿ ಒಳಗೆ ನೆಗೆಯುತ್ತದೆ. ರಂಧ್ರ ಬಟ್ಟಲಿನ ತಳದಲ್ಲಿದ್ದರೆ ರಂಜಕವೇ ಅದನ್ನು ಮುಚ್ಚಿಬಿಡುತ್ತದೆ. ಆಗ ರಂಧ್ರದೊಳಗೆ ತುಂಬಿದ ಮದ್ದು ಬತ್ತಿಯಂತೆ ಕಣ ಕಣವಾಗಿ ಉರಿಯುತ್ತ ಒಳಗೆ ಸಾಗಬೇಕಾಗುತ್ತದೆ, ಈಡು ತಡವಾಗುತ್ತದೆ. ರಂಧ್ರ ತೀರ ಮೇಲಿದ್ದರೆ ಮುಚ್ಚಿದ ಉಕ್ಕಿನ ಮುಚ್ಚಳದ ಮರೆಗೆ ಬೀಳಬಹುದು, ಇಲ್ಲವೆ ಜ್ವಾಲೆಯ ಬಿಸಿ ಅದನ್ನು ಸಾಕಷ್ಟು ತಾಕದೆ ಹೋಗಬಹುದು.

ಆದರೆ ಎತ್ತರದ ನಿಯಮವನ್ನು ಕೂದಲೆಳೆಯ ಲೆಕ್ಕದಲ್ಲಿ ಹಿಡಿಯಬೇಕಾಗಿಲ್ಲ. ಇತ್ತೀಚಿನ ದಶಕಗಳಲ್ಲಿ ಹವ್ಯಾಸಿಗಳು ಅತಿವೇಗದ ಕ್ಯಾಮರಾ ಮತ್ತು ವಿದ್ಯುನ್ಮಾನ ಸಮಯಮಾಪಕಗಳಿಂದ ನಡೆಸಿದ ಪ್ರಯೋಗಗಳಲ್ಲಿ, ರಂಧ್ರ ಸ್ವಲ್ಪ ಮೇಲೆ ಅಥವಾ ಕೆಳಗೆ ಇದ್ದುದರಿಂದ ಆದ ವ್ಯತ್ಯಾಸ ಬಹಳ ಕಡಿಮೆಯೆಂದು ಕಂಡುಬಂದಿದೆ. ರಂಜಕವು ರಂಧ್ರವನ್ನು ಮುಚ್ಚದಂತೆ, ಆದರೆ ನಳಿಗೆಗೆ ಹತ್ತಿರವಾಗಿ ಇರುವುದೇ ಹೆಚ್ಚು ಮುಖ್ಯ.

ಬಟ್ಟಲಿನ ಉದ್ದದಲ್ಲಿ: ರಂಧ್ರ ಬಟ್ಟಲಿನ ನಡುವೆ ಬರಬೇಕು. ಹಿಂದಕ್ಕೋ ಮುಂದಕ್ಕೋ ಸರಿದಿದ್ದರೆ ರಂಜಕದ ಒಂದು ಭಾಗ ವ್ಯರ್ಥವಾಗಿ ಉರಿಯುತ್ತದೆ.

ಬುಡದ ತಿರುಪಿಗೆ ದೂರ: ನಳಿಗೆಯ ಹಿಂದಿನ ತುದಿಯನ್ನು ಒಂದು ದಪ್ಪ ತಿರುಪಿನಿಂದ ಮುಚ್ಚಿರುತ್ತಾರೆ. ರಂಧ್ರ ಈ ತಿರುಪಿನ ಮುಖಕ್ಕಿಂತ ತುಸು ಮುಂದೆ, ಮದ್ದು ನಿಲ್ಲುವ ಜಾಗಕ್ಕೆ ತೆರೆಯಬೇಕು. ಅದು ತಿರುಪಿನ ಮೇಲೆಯೇ ಬಂದರೆ ತಿರುಪಿನಲ್ಲಿ ಕಚ್ಚು ತೆಗೆದು ಬೆಂಕಿಗೆ ದಾರಿ ಮಾಡಬೇಕಾಗುತ್ತದೆ. ಆ ಕಚ್ಚಿನಲ್ಲಿ ಮಸಿ ತುಂಬಿಕೊಳ್ಳುತ್ತದೆ. ತಿರುಪಿನ ಹಲ್ಲುಗಳಿಗೂ ಬಿಸಿ ಅನಿಲ ತಾಗಿ ಕಾಲಕ್ರಮದಲ್ಲಿ ಅವು ಸವೆಯುತ್ತವೆ. ರಂಧ್ರ ಬಹಳ ಮುಂದಕ್ಕಿದ್ದರೆ ಅದರ ಹಿಂದೆ ಉಳಿದ ಮದ್ದು ತಡವಾಗಿ ಹೊತ್ತುತ್ತದೆ. ಮದ್ದಿನ ಪ್ರಮಾಣ ಕಡಿಮೆಯಿದ್ದರೆ ಗುಂಡೇ ರಂಧ್ರವನ್ನು ಮರೆಮಾಡುವ ಸಂಭವವೂ ಇದೆ.

ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಬಂದೂಕು ಮಾಡುವವರು ಮೊದಲು ನಳಿಗೆಯನ್ನು ಮರದ ಹಿಡಿಯಲ್ಲಿ ಕೂರಿಸಿ, ಒಳಗಿನ ತಿರುಪಿನ ಮುಖ ಎಲ್ಲಿದೆಯೆಂದು ಅಳೆದು, ಆ ಅಳತೆಗೆ ತಕ್ಕಂತೆ ಕುದುರೆ ಮತ್ತು ಬಟ್ಟಲಿನ ಜೋಡಣೆಯನ್ನು ಕೂರಿಸುತ್ತಿದ್ದರು. ತೂತು ಕೊರೆಯುವುದು ಕೊನೆಯ ಕೆಲಸ. ಹೀಗೆ ಮಾಡಿದರೆ ರಂಧ್ರವನ್ನು ಬಟ್ಟಲಿಗೆ ಹೊಂದಿಸುವ ಗೋಜು ಬರುವುದಿಲ್ಲ; ಬಟ್ಟಲೇ ರಂಧ್ರದ ಜಾಗಕ್ಕೆ ಬಂದು ನಿಂತಿರುತ್ತದೆ.

ಗಾತ್ರ

ರಂಧ್ರದ ಗಾತ್ರ ಎರಡು ಬೇಡಿಕೆಗಳ ನಡುವಣ ರಾಜಿ. ಬೆಂಕಿ ಒಳಹೋಗಲು ಅದು ದೊಡ್ಡದಾಗಿರಬೇಕು. ಒಳಗಿನ ಒತ್ತಡ ಹೊರಬಾರದಿರಲು ಚಿಕ್ಕದಾಗಿರಬೇಕು. ಇಂದಿನ ಚಕಮಕಿ ಬಂದೂಕುಗಳಲ್ಲಿ 1.6 ರಿಂದ 2 ಮಿಲಿಮೀಟರ್ ವ್ಯಾಸ ಸಾಮಾನ್ಯ.

ವ್ಯಾಸದಲ್ಲಿ ಆಗುವ ಸಣ್ಣ ಹೆಚ್ಚಳ ವಿಸ್ತೀರ್ಣದಲ್ಲಿ ದೊಡ್ಡದಾಗುತ್ತದೆ. ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 1.6 ಮಿಲಿಮೀಟರಿನ ತೂತು ಸವೆದು 2.4 ಮಿಲಿಮೀಟರ್ ಆದರೆ ವ್ಯಾಸ ಒಂದೂವರೆ ಪಟ್ಟಾದರೂ ವಿಸ್ತೀರ್ಣ 2.25 ಪಟ್ಟಾಗುತ್ತದೆ. ಅನಿಲ ಹೊರನುಗ್ಗುವ ಬಾಗಿಲು ಅಷ್ಟು ಹಿಗ್ಗಿದಂತೆ. ಗುಂಡಿನ ವೇಗ ತಗ್ಗುತ್ತದೆ, ಒಂದು ಈಡಿಗೂ ಇನ್ನೊಂದು ಈಡಿಗೂ ಹೊಂದಿಕೆ ತಪ್ಪುತ್ತದೆ. ರಂಧ್ರ ಬಲಮಗ್ಗುಲಲ್ಲಿ ಇರುವುದರಿಂದ ಉರಿಯುವ ಅನಿಲದ ಚಿಲುಮೆ ಬಲಕ್ಕೆ ಚಿಮ್ಮುತ್ತದೆ. ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಲ್ಲುತ್ತಿದ್ದ ಕಾಲಾಳು ಪಡೆಯಲ್ಲಿ ಪ್ರತಿಯೊಬ್ಬನ ಬಲಗಡೆಯೂ ಇನ್ನೊಬ್ಬನ ಮುಖವಿರುತ್ತಿತ್ತು ಎಂಬುದನ್ನು ನೆನೆದರೆ ಇದರ ಗಂಭೀರತೆ ತಿಳಿಯುತ್ತದೆ.

ರಂಧ್ರವನ್ನು ಹಿಗ್ಗಿಸಬಹುದು, ಕುಗ್ಗಿಸಲಾಗದು. ಆದ್ದರಿಂದ ಕಸುಬುದಾರರು ಚಿಕ್ಕ ಅಳತೆಯಿಂದ ಆರಂಭಿಸಿ, ಪರೀಕ್ಷೆ ಮಾಡುತ್ತ, ಅಗತ್ಯವಿದ್ದಷ್ಟು ಮಾತ್ರ ಹಿಗ್ಗಿಸುತ್ತಿದ್ದರು.

ಒಳಗಿನ ಆಕಾರ

ಹೊರಗಿನಿಂದ ನೋಡಿದಾಗ ಕಾಣದ, ಆದರೆ ಪರಿಣಾಮದಲ್ಲಿ ಬಹಳ ಮುಖ್ಯವಾದ ಅಂಶ ರಂಧ್ರದ ಉದ್ದ. ನಳಿಗೆಯ ಗೋಡೆ ಬುಡದಲ್ಲಿ ದಪ್ಪವಾಗಿರುತ್ತದೆ. ನೇರವಾಗಿ ಕೊರೆದ ತೂತು ಆ ದಪ್ಪವನ್ನೆಲ್ಲ ದಾಟಬೇಕು. ಬೆಂಕಿಗೆ ಅದು ಉದ್ದನೆಯ ಸುರಂಗ. ಇದಕ್ಕೆ ಪರಿಹಾರವಾಗಿ ರಂಧ್ರವನ್ನು ಒಳಗಡೆಯಿಂದ ಆಲಿಕೆಯಂತೆ ಅಗಲಿಸುವ ಪದ್ಧತಿ ಬಂದಿತು. ಹೊರಬಾಯಿ ಕಿರಿದಾಗಿಯೇ ಉಳಿಯುತ್ತದೆ. ಒಳಬಾಯಿ ಅಗಲವಾಗಿದ್ದು ಮುಖ್ಯ ಮದ್ದೇ ಹೊರಗೋಡೆಯ ಸಮೀಪಕ್ಕೆ ಬಂದು ನಿಲ್ಲುತ್ತದೆ. ಬಟ್ಟಲಿನ ಬೆಂಕಿಗೂ ಒಳಗಿನ ಮದ್ದಿಗೂ ನಡುವಣ ಅಂತರ ತೆಳುವಾದ ಲೋಹದಷ್ಟೇ ಆಗುತ್ತದೆ.

18ನೆಯ ಶತಮಾನದ ಕೊನೆಯಲ್ಲಿ ಪ್ರಶ್ಯದ ಸೈನ್ಯ ಈ ಆಲಿಕೆಯಾಕಾರವನ್ನು ಇನ್ನೊಂದು ಉದ್ದೇಶಕ್ಕೆ ಬಳಸಿತು. ಗಜದಿಂದ ಜಡಿದಾಗ ಒಳಗಿನ ಮದ್ದಿನ ಸ್ವಲ್ಪ ಭಾಗ ರಂಧ್ರದಿಂದ ತಾನಾಗಿ ಬಟ್ಟಲಿಗೆ ಬೀಳುವಂತೆ ಮಾಡಿ, ಪ್ರತ್ಯೇಕವಾಗಿ ರಂಜಕ ಹಾಕುವ ಸಮಯವನ್ನು ಉಳಿಸಿತು. ಇಂಗ್ಲೆಂಡಿನಲ್ಲಿ ಹೆನ್ರಿ ನಾಕ್ 1787ರಲ್ಲಿ ಪೇಟೆಂಟ್ ಪಡೆದ ಬುಡದ ರಚನೆಯೂ ಬೆಂಕಿಯನ್ನು ಮದ್ದಿನ ನಡುವಿಗೆ ಬೇಗ ತಲುಪಿಸುವ ಪ್ರಯತ್ನವೇ.

ಸವೆತ ಮತ್ತು ದುರಸ್ತಿ

ಪ್ರತಿ ಈಡಿನಲ್ಲಿಯೂ ಬಿಸಿ ಅನಿಲ ಅತಿವೇಗದಿಂದ ರಂಧ್ರದ ಮೂಲಕ ಹೊರಬರುತ್ತದೆ. ಮೃದುವಾದ ಕಬ್ಬಿಣದಲ್ಲಿ ರಂಧ್ರ ಕ್ರಮೇಣ ಸವೆದು ಅಂಕುಡೊಂಕಾಗುತ್ತದೆ. ಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರಿಕೊಂಡು ತುಕ್ಕನ್ನು ತರುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಬೇಗ. ಈ ಮಸಿ ನೀರಿನಲ್ಲಿ ಕರಗುವುದರಿಂದ ಬಿಸಿನೀರಿನಿಂದ ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಸವರುವುದು ಹಿಂದಿನಿಂದ ಬಂದ ಕ್ರಮ.

ಸವೆತವನ್ನು ತಡೆಯಲು ಬೆಲೆಬಾಳುವ ಬಂದೂಕುಗಳಲ್ಲಿ ರಂಧ್ರಕ್ಕೆ ಚಿನ್ನದ ಒಳಕವಚ ಹಾಕುತ್ತಿದ್ದರು. 19ನೆಯ ಶತಮಾನದ ಆರಂಭದಲ್ಲಿ ಪ್ಲಾಟಿನಂ ಬಳಕೆಗೆ ಬಂದಿತು. ಈ ಲೋಹಗಳಿಗೆ ತುಕ್ಕು ಹಿಡಿಯುವುದಿಲ್ಲ. ಪ್ಲಾಟಿನಂ ತೀವ್ರ ಶಾಖವನ್ನೂ ತಾಳುತ್ತದೆ. ತೋಪುಗಳಲ್ಲಿ ತಾಮ್ರದ ಒಳಕವಚ ರೂಢಿಯಲ್ಲಿತ್ತು.

ಸವೆದ ಅಥವಾ ತಪ್ಪು ಜಾಗದಲ್ಲಿರುವ ರಂಧ್ರವನ್ನು ಸರಿಪಡಿಸುವ ಶಾಸ್ತ್ರೀಯ ವಿಧಾನವೂ ಒಳಕವಚವೇ. ಹಳೆಯ ತೂತನ್ನು ಅಗಲಿಸಿ, ತಿರುಪಿನ ಹಲ್ಲು ಕೊರೆದು, ಹೊಸ ಲೋಹದ ಬೆಣೆಯನ್ನು ಬಿಗಿಯಾಗಿ ತಿರುಗಿಸಿ ಕೂರಿಸಿ, ಅದರಲ್ಲಿ ಸರಿಯಾದ ಅಳತೆಯ ತೂತು ಕೊರೆಯುತ್ತಾರೆ. ಜಾಗ ಅಲ್ಪಸ್ವಲ್ಪ ತಪ್ಪಿದ್ದರೆ ಬೆಣೆಯ ವ್ಯಾಪ್ತಿಯೊಳಗೇ ಹೊಸ ತೂತನ್ನು ಸರಿಸಬಹುದು. ಬೆಣೆ ಸಡಿಲವಾದರೆ ಅದೇ ಗುಂಡಿನಂತೆ ಪಕ್ಕಕ್ಕೆ ಹಾರುವುದರಿಂದ ಇದು ಪಳಗಿದ ಕೈಗೆ ಮಾತ್ರ ಸಲ್ಲುವ ಕೆಲಸ.

ಈಡು ತಪ್ಪುವುದಕ್ಕೆ ಕಾರಣಗಳು

ಈಡು ತಪ್ಪಿದಾಗಲೆಲ್ಲ ರಂಧ್ರವನ್ನೇ ದೂರುವುದು ಸಾಮಾನ್ಯ. ಆದರೆ ಹಲವು ವೇಳೆ ಕಾರಣ ಬೇರೆಯೇ ಇರುತ್ತದೆ:

• ಚಕಮಕಿ ಕಲ್ಲಿನ ಅಂಚು ಮೊಂಡಾಗಿ ಕಿಡಿ ಕಡಿಮೆಯಾಗುವುದು.
• ಉಕ್ಕಿನ ಮುಚ್ಚಳದ ಮುಖ ಮೆತ್ತಗಾಗಿ ಕಿಡಿ ಕೊಡದಿರುವುದು.
• ರಂಜಕ ತೇವವಾಗಿರುವುದು ಅಥವಾ ಹೆಚ್ಚಾಗಿ ರಂಧ್ರವನ್ನು ಮುಚ್ಚುವುದು.
• ರಂಧ್ರದಲ್ಲಿ ಮಸಿ ಅಥವಾ ಎಣ್ಣೆ ಕಟ್ಟಿಕೊಂಡಿರುವುದು.
• ಇವೆಲ್ಲ ಸರಿಯಿದ್ದೂ ರಂಧ್ರ ತೀರ ಕಿರಿದಾಗಿ ಅಥವಾ ತಪ್ಪು ಜಾಗದಲ್ಲಿರುವುದು.

ಮೊದಲ ನಾಲ್ಕನ್ನು ಪರೀಕ್ಷಿಸದೆ ಐದನೆಯದಕ್ಕೆ ಕೈಹಾಕಿದ್ದರಿಂದ ಹಾಳಾದ ಹಳೆಯ ಬಂದೂಕುಗಳು ಅನೇಕ. ರಂಧ್ರವನ್ನು ಚೊಕ್ಕಟಗೊಳಿಸಲು ಸೈನಿಕರು ತೆಳುವಾದ ಸೂಜಿಯೊಂದನ್ನು ಇಟ್ಟುಕೊಳ್ಳುತ್ತಿದ್ದರು. ಭಾರತೀಯ ಬತ್ತಿ ಬಂದೂಕುಗಳಲ್ಲಿ ಈ ಸೂಜಿಯನ್ನು ಸರಪಳಿಯಿಂದ ಬಂದೂಕಿಗೇ ಕಟ್ಟಿರುವುದನ್ನು ಕಾಣಬಹುದು.

ಚಕಮಕಿ ವಿಧಾನದ ಮಿತಿಯನ್ನು 1834ರಲ್ಲಿ ಇಂಗ್ಲೆಂಡಿನ ವೂಲಿಚ್‌ನಲ್ಲಿ ನಡೆದ ಪರೀಕ್ಷೆ ತೋರಿಸಿಕೊಟ್ಟಿತು. ಆರು ಚಕಮಕಿ ಬಂದೂಕುಗಳಿಂದ ಹಾರಿಸಲೆತ್ನಿಸಿದ 6000 ಈಡುಗಳಲ್ಲಿ 922 ತಪ್ಪಿದವು. ಕೇಪು ಬಳಸುವ ಬಂದೂಕುಗಳ 6000 ಈಡುಗಳಲ್ಲಿ ತಪ್ಪಿದ್ದು 36 ಮಾತ್ರ. ಅಂದರೆ ಚಕಮಕಿಯಲ್ಲಿ ಸುಮಾರು ಆರೂವರೆಗೆ ಒಂದು ಈಡು ಕೈಕೊಡುತ್ತಿತ್ತು.

ಇತಿಹಾಸ

ರಂಜಕ ರಂಧ್ರ ಚಕಮಕಿಗಿಂತ ಹಳೆಯದು. ಆರಂಭದ ತೋಪು ಮತ್ತು ಕೈಬಂದೂಕುಗಳಲ್ಲಿ ರಂಧ್ರ ನಳಿಗೆಯ ಮೇಲ್ಭಾಗದಲ್ಲಿರುತ್ತಿತ್ತು. ಉರಿಯುವ ಬತ್ತಿಯನ್ನೋ ಕಾದ ಸರಳನ್ನೋ ಕೈಯಿಂದ ಅದಕ್ಕೆ ತಾಗಿಸುತ್ತಿದ್ದರು. ಮೇಲ್ಮುಖವಾದ ತೂತಿನಲ್ಲಿ ಮಳೆನೀರು ನಿಲ್ಲುತ್ತಿತ್ತು, ಗಾಳಿಗೆ ರಂಜಕ ಹಾರುತ್ತಿತ್ತು. ರಂಧ್ರ ಪಕ್ಕಕ್ಕೆ ಸರಿದು, ಅದರ ಕೆಳಗೆ ಮುಚ್ಚಳವಿರುವ ಬಟ್ಟಲು ಬಂದದ್ದು ದೊಡ್ಡ ಸುಧಾರಣೆ. ಬತ್ತಿ ಬಂದೂಕಿನಲ್ಲಿ ಸದಾ ಉರಿಯುವ ಹಗ್ಗದ ಬತ್ತಿ ಬಟ್ಟಲಿಗೆ ಬಾಗುತ್ತಿತ್ತು. 17ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಚಕಮಕಿ ಬಂದೂಕು ಬತ್ತಿಯ ಅಗತ್ಯವನ್ನು ನೀಗಿಸಿತು. ಇದರ ರೂಪಣೆಯನ್ನು ಮಾರಿನ್ ಲ ಬುರ್ಜ್ವಾ ಎಂಬ ಕುಶಲಕರ್ಮಿಯ ಹೆಸರಿನೊಂದಿಗೆ ಜೋಡಿಸಲಾಗುತ್ತದೆ. ಮುಂದಿನ ಎರಡು ಶತಮಾನ ಜಗತ್ತಿನ ಬಹುಪಾಲು ಸೈನ್ಯಗಳ ಕೈಯಲ್ಲಿ ಇದೇ ಇತ್ತು.

ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದ, ಬಡಿತದಿಂದಲೇ ಹೊತ್ತುವ ರಾಸಾಯನಿಕದ ತಂತ್ರ ಚಕಮಕಿಯ ಅಂತ್ಯಕ್ಕೆ ನಾಂದಿಯಾಯಿತು. ಅದರಿಂದ ಬೆಳೆದ ತಾಮ್ರದ ಕೇಪು ಬಂದಾಗ ಬಟ್ಟಲು ಮಾಯವಾಯಿತು. ರಂಧ್ರವಿದ್ದ ಜಾಗದಲ್ಲಿ ಟೊಳ್ಳಾದ ಮೊಟಕು ಮೊಳೆಯೊಂದು ಬಂದು, ಅದರ ತಲೆಗೆ ಕೇಪು ಸಿಕ್ಕಿಸುವ ರೂಢಿಯಾಯಿತು.

ಕರ್ನಾಟಕದಲ್ಲಿ

ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಈ ನಾಡಿನ ಹೆಸರಾಂತ ತೋಪುಗಳಲ್ಲೊಂದು. ಇದನ್ನು 1549ರಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಅಹಮದನಗರದಲ್ಲಿ ಎರಕ ಹೊಯ್ದನು. ಇದರ ತೂಕ ಸುಮಾರು 55 ಟನ್. ಇಷ್ಟು ಭಾರೀ ತೋಪಿಗೂ ಬೆಂಕಿ ಮುಟ್ಟಿಸುವ ದಾರಿ ಬುಡದ ಒಂದು ಸಣ್ಣ ಕಿವಿಯೇ. ಬತ್ತಿ ಮುಟ್ಟಿಸಿದ ಗೋಲಂದಾಜನು ಕಿವಿ ಕಿವುಡಾಗದಂತೆ ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದನೆಂಬ ಕಥೆ ಸ್ಥಳೀಯವಾಗಿ ಪ್ರಚಲಿತವಾಗಿದೆ.

ಕೈಬಂದೂಕಿನ ಪ್ರಾಮುಖ್ಯ 1520ರ ರಾಯಚೂರು ಯುದ್ಧದಲ್ಲಿ ಎದ್ದು ಕಾಣುತ್ತದೆ. ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಕ್ರಿಸ್ಟೊವಾ ಡಿ ಫಿಗೆರೆಡೊ ಎಂಬ ಪೋರ್ಚುಗೀಸನೂ ಅವನ ಬಂದೂಕುಧಾರಿಗಳೂ ಕೋಟೆಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಹೊಡೆದರೆಂದು ನೂನಿಜ್‌ನ ವೃತ್ತಾಂತ ತಿಳಿಸುತ್ತದೆ. ಆಗಿನ್ನೂ ಚಕಮಕಿ ಬಂದೂಕಿನ ಕಾಲ ಬಂದಿರಲಿಲ್ಲ.

ಚಕಮಕಿ ಬಂದೂಕಿನ ತಯಾರಿಕೆ ಈ ನೆಲದಲ್ಲಿ ಉನ್ನತ ಮಟ್ಟ ಮುಟ್ಟಿದ್ದು ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದಲ್ಲಿ. ಅಲ್ಲಿಯ ಕಾರ್ಖಾನೆಗಳಲ್ಲಿ ಯುರೋಪಿನ ಮಾದರಿಯ ಬಂದೂಕುಗಳ ಜೊತೆಗೆ ಹುಲಿಯ ತಲೆ ಮತ್ತು ಹುಲಿಪಟ್ಟೆಗಳ ಅಲಂಕಾರವಿರುವ ಒಂಟಿ ಹಾಗೂ ಜೋಡಿ ನಳಿಗೆಯ ಬೇಟೆ ಬಂದೂಕುಗಳು ತಯಾರಾದವು. ಜೋಡಿ ನಳಿಗೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಬಟ್ಟಲು ಮತ್ತು ರಂಧ್ರ ಬರುವುದರಿಂದ ಎರಡನ್ನೂ ಕನ್ನಡಿಯ ಪ್ರತಿಬಿಂಬದಂತೆ ಹೊಂದಿಸಬೇಕು. ಇದು ಕುಶಲತೆಯನ್ನು ಬೇಡುವ ಕೆಲಸ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ ಇವುಗಳಲ್ಲಿ ಹಲವು ಇಂಗ್ಲೆಂಡಿಗೆ ಸಾಗಿ, ಅಲ್ಲಿಯ ಅರಮನೆ ಮತ್ತು ವಸ್ತುಸಂಗ್ರಹಾಲಯಗಳನ್ನು ಸೇರಿದವು.

ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದನು. ಆ ಗುಂಡು ಅಮಟೂರ ಬಾಳಪ್ಪನದೆಂಬುದು ಪ್ರಸಿದ್ಧ. ಕೇಪಿನ ಬಂದೂಕು ಸೈನ್ಯಗಳಿಗೆ ಇನ್ನೂ ಬಾರದಿದ್ದ ಆ ದಿನಗಳಲ್ಲಿ ಕಂಪನಿಯ ಸಿಪಾಯಿಗಳ ಹೆಗಲ ಮೇಲಿದ್ದದ್ದು ಚಕಮಕಿ ಬಂದೂಕು. ದಖ್ಖನಿನಲ್ಲಿ ಬತ್ತಿ ಬಂದೂಕು ಅದರ ಜೊತೆಜೊತೆಗೇ ಬಹುಕಾಲ ಉಳಿಯಿತು. ಬಂದೂಕಿಗೆ ತಕ್ಕ ಚಕಮಕಿ ಕಲ್ಲನ್ನು ಹೊರಗಿನಿಂದ ತರಿಸಬೇಕಾಗಿದ್ದರೆ ಹತ್ತಿಯ ಬತ್ತಿಯನ್ನು ಊರಲ್ಲಿಯೇ ಹೊಸೆಯಬಹುದಾಗಿತ್ತು.

ಕೃಷ್ಣಾ ತೀರದ ಉಗಾರ ಖುರ್ದ, ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿಗಳ ಸುತ್ತಣ ಸೀಮೆಯಲ್ಲಿ ಸ್ವಾತಂತ್ರ್ಯಪೂರ್ವದಲ್ಲಿ ಬ್ರಿಟಿಷ್ ಆಡಳಿತದ ಊರುಗಳೂ ಸಾಂಗ್ಲಿ, ಮಿರಜ, ಕುರುಂದವಾಡ, ಜಮಖಂಡಿಗಳ ಪಟವರ್ಧನ ಸಂಸ್ಥಾನಗಳೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಇದಕ್ಕೆ ಆಗ್ನೇಯದಲ್ಲಿ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನ. 1857ರಲ್ಲಿ ಜನರ ಹತಾರಗಳನ್ನು ಕಿತ್ತುಕೊಳ್ಳುವ ಆಜ್ಞೆ ಹೊರಟಾಗ ಮುಧೋಳಕ್ಕೆ ಸೇರಿದ ಹಲಗಲಿಯ ಬೇಡರು ಅವನ್ನು ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಸೈನ್ಯ ಊರಿಗೆ ಬೆಂಕಿಯಿಟ್ಟು ದಂಗೆಯನ್ನು ಅಡಗಿಸಿತು. ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಲಾಯಿತು. ಈ ಘಟನೆ ಲಾವಣಿಯಾಗಿ ಜನರ ಬಾಯಲ್ಲಿ ಉಳಿಯಿತು. ಹತಾರ ಒಪ್ಪಿಸುವುದೆಂದರೆ ಬೇಟೆ, ಕಾವಲು, ಮಾನ ಮೂರನ್ನೂ ಒಪ್ಪಿಸಿದಂತೆಂದು ಬಗೆದ ಜನರ ಕಥೆಯಿದು.

ಮಲೆನಾಡು ಮತ್ತು ಕೊಡಗಿನಲ್ಲಿ ಬಂದೂಕಿಗೆ ‘ಕೋವಿ’ ಎಂಬ ಹೆಸರೇ ಬಳಕೆಯಲ್ಲಿದೆ. ಬಾಯಿಯಿಂದ ಮದ್ದು ತುಂಬಿ ಕೇಪಿನಿಂದ ಹಾರಿಸುವ ‘ಕೇಪಿನ ಕೋವಿ’ ಚಕಮಕಿ ಬಂದೂಕಿನ ನೇರ ವಾರಸುದಾರ. ಕರ್ನಾಟಕದಲ್ಲಿ ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದ ಒಂಟಿ ನಳಿಗೆಯ ಇಂಥ ಬಂದೂಕುಗಳು ಇಂದಿಗೂ ಇವೆ. ಪೊಲೀಸ್ ದಾಖಲೆಗಳಲ್ಲಿ ಇವನ್ನು ಎಸ್‌ಬಿಎಂಎಲ್ ಎಂದು ನಮೂದಿಸುತ್ತಾರೆ.

ಕಿವಿಗೆ ಮೊಳೆ ಬಡಿಯುವುದು

ರಂಧ್ರವೇ ಆಯುಧದ ಜೀವ ಎಂಬುದನ್ನು ಹಿಂದಿನ ಸೈನಿಕರು ಚೆನ್ನಾಗಿ ಅರಿತಿದ್ದರು. ಹಿಮ್ಮೆಟ್ಟುವ ಸೈನ್ಯಕ್ಕೆ ಭಾರವಾದ ತೋಪುಗಳನ್ನು ಎಳೆದೊಯ್ಯಲು ಆಗದಿದ್ದಾಗ ಅವು ಶತ್ರುವಿನ ಉಪಯೋಗಕ್ಕೆ ಬಾರದಂತೆ ಕಿವಿಗೆ ಉಕ್ಕಿನ ಮೊಳೆ ಬಡಿದು, ತಲೆಯನ್ನು ಮುರಿದುಹಾಕುತ್ತಿದ್ದರು. ಕೋಟೆಯೊಳಗೆ ಗುಟ್ಟಾಗಿ ನುಗ್ಗಿದವರೂ ಮೊದಲು ಮಾಡುತ್ತಿದ್ದ ಕೆಲಸ ಇದೇ. ಟನ್ನುಗಟ್ಟಲೆ ಲೋಹವನ್ನು ನಿಷ್ಪ್ರಯೋಜಕಗೊಳಿಸಲು ಒಂದು ಮೊಳೆ, ಒಂದು ಸುತ್ತಿಗೆ ಸಾಕು. ಮೊಳೆಯನ್ನು ಕೊರೆದು ತೆಗೆಯುವುದು ಅಥವಾ ಹೊಸ ಕಿವಿ ಕೊರೆಯುವುದು ದಿನಗಟ್ಟಲೆಯ ಕೆಲಸ.

ಕಾನೂನು

ಭಾರತದಲ್ಲಿ ಬಂದೂಕುಗಳ ತಯಾರಿಕೆ, ಸ್ವಾಧೀನ ಮತ್ತು ದುರಸ್ತಿಗಳನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ನಿಯಂತ್ರಿಸುತ್ತವೆ. ಕಾಯ್ದೆಯ 3ನೆಯ ಕಲಮಿನಂತೆ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಬೇಕು. 5ನೆಯ ಕಲಮಿನಂತೆ ತಯಾರಿಕೆ, ದುರಸ್ತಿ ಮತ್ತು ಪರೀಕ್ಷೆಗಳಿಗೂ ಪರವಾನಗಿ ಬೇಕು. 6ನೆಯ ಕಲಮು ನಕಲಿ ಬಂದೂಕನ್ನು ನಿಜವಾದ ಬಂದೂಕಾಗಿ ಮಾರ್ಪಡಿಸುವುದನ್ನು ಪರವಾನಗಿಯಿಲ್ಲದೆ ಮಾಡಕೂಡದೆಂದು ಹೇಳುತ್ತದೆ.

ರಂಜಕ ರಂಧ್ರದ ಮಹತ್ವ ಇಲ್ಲಿಯೇ. ಭಾರತದಲ್ಲಿ ತಯಾರಾಗಿ ವಿದೇಶಗಳಿಗೆ ಹೋಗುವ ಚಕಮಕಿ ಬಂದೂಕಿನ ಪ್ರತಿಕೃತಿಗಳಲ್ಲಿ ಕುದುರೆ, ಕಲ್ಲು, ಬಟ್ಟಲು ಎಲ್ಲವೂ ಇದ್ದು ರಂಧ್ರವೊಂದನ್ನು ಮಾತ್ರ ಕೊರೆಯದೆ ಬಿಡುವ ರೂಢಿಯಿದೆ. ರಂಧ್ರವಿಲ್ಲದವರೆಗೆ ಅದು ನಾಟಕದ ರಂಗಕ್ಕೋ ಗೋಡೆಗೋ ಸಲ್ಲುವ ಅಲಂಕಾರ. ರಂಧ್ರ ಕೊರೆದ ಕ್ಷಣದಿಂದ ಅದು ಕಾನೂನಿನ ದೃಷ್ಟಿಯಲ್ಲಿ ಬಂದೂಕು. ಗುಂಡಿನ ಒತ್ತಡ ತಾಳುವಂತೆ ಪರೀಕ್ಷೆಗೊಳಗಾಗದ ಇಂಥ ನಳಿಗೆಗೆ ಮದ್ದು ತುಂಬಿದರೆ ಅದು ಒಡೆದು ಹಿಡಿದವರ ಕೈಯನ್ನೇ ಕಳೆಯಬಹುದು.

ಬಳಕೆಯಿಂದ ಹೊರಗಾದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದಂತಿದ್ದರೆ 45ನೆಯ ಕಲಮು ಅದನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡುತ್ತದೆ. ಹಳೆಯದೆಂಬ ಒಂದೇ ಕಾರಣ ಸಾಲದು. ಹಾರಿಸಲು ಬಾರದಂತಿರುವುದೂ ಮುಖ್ಯ. ಕೊಡವ ಸಮುದಾಯದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿಶೇಷ ವಿನಾಯಿತಿಯಿದೆ. ಕೇಂದ್ರ ಸರಕಾರ ಇದನ್ನು 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು; ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ನೂರು ವರ್ಷಕ್ಕೆ ಮೇಲ್ಪಟ್ಟ ಆಯುಧಗಳು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೂ ಬರುವುದರಿಂದ ಅವನ್ನು ಖಾಸಗಿಯಾಗಿ ದೇಶದ ಹೊರಗೆ ಸಾಗಿಸುವಂತಿಲ್ಲ.

ಹಳೆಯ ಬಂದೂಕುಗಳ ಸುರಕ್ಷತೆ ಮತ್ತು ಸಂರಕ್ಷಣೆ

ವಾಡೆ, ದೇಸಗತಿ 

ಮನೆತನ, ದೇವಸ್ಥಾನಗಳಲ್ಲಿ ಉಳಿದುಬಂದ ಹಳೆಯ ಬಂದೂಕಿನೊಳಗೆ ಇನ್ನೂ ಈಡು ಇರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಒಣಗಿದ ಸ್ಥಿತಿಯಲ್ಲಿ ಮದ್ದು ಶತಮಾನ ಕಳೆದರೂ ತನ್ನ ಗುಣ ಬಿಡುವುದಿಲ್ಲ. ಆದಕಾರಣ ಇಂಥ ಪ್ರತಿಯೊಂದು ಬಂದೂಕನ್ನೂ ತುಂಬಿದೆಯೆಂದೇ ಭಾವಿಸಿ ನಡೆದುಕೊಳ್ಳಬೇಕು. ನಳಿಗೆ ಬರಿದಾಗಿದೆಯೇ ಎಂದು ತಿಳಿಯಲು ತಜ್ಞರು ಬಾಯಿಯ ಮುಂದೆ ನಿಲ್ಲದೆ, ಪಕ್ಕದಿಂದ ಮರದ ಕೋಲೊಂದನ್ನು ಒಳಗೆ ಮೆಲ್ಲನೆ ಇಳಿಸುತ್ತಾರೆ. ಅದು ಎಷ್ಟು ಒಳಹೋಯಿತೆಂದು ಗುರುತು ಮಾಡಿ ಹೊರಗೆ ನಳಿಗೆಯ ಉದ್ದಕ್ಕೆ ಹಿಡಿದು ನೋಡುತ್ತಾರೆ. ಕೋಲು ರಂಜಕ ರಂಧ್ರದ ನೇರಕ್ಕೆ ತಲುಪಿದರೆ ನಳಿಗೆ ಬರಿದು. ಅದಕ್ಕಿಂತ ಮುಂದೆಯೇ ನಿಂತರೆ ಒಳಗೆ ಏನೋ ಇದೆ. ಹಾಗಿದ್ದಾಗ ರಂಧ್ರವನ್ನು ಸೂಜಿಯಿಂದ ಕೆದಕುವುದು, ಬೆಂಕಿಯ ಹತ್ತಿರ ಒಯ್ಯುವುದು, ಕೊರೆಯುವುದು ಪ್ರಾಣಾಂತಿಕ. ಪೊಲೀಸರಿಗೆ ತಿಳಿಸುವುದೇ ದಾರಿ.

ಇತಿಹಾಸದ ದೃಷ್ಟಿಯಿಂದಲೂ ರಂಧ್ರಕ್ಕೆ ಕೈಹಚ್ಚದಿರುವುದು ಲೇಸು. ಸವೆದು ಹಿಗ್ಗಿದ ರಂಧ್ರ ಆ ಬಂದೂಕು ಬಹಳ ಹಾರಿದೆ ಎಂಬುದಕ್ಕೆ ಸಾಕ್ಷಿ. ಒಳಕವಚವಿದ್ದರೆ ಯಾರೋ ಅದನ್ನು ಮತ್ತೆ ಬಳಕೆಗೆ ತಂದರೆಂಬ ಸೂಚನೆ. ರಂಧ್ರದ ಜಾಗದಲ್ಲಿ ಕೇಪಿನ ಮೊಳೆ ಕೂರಿಸಿದ್ದರೆ ಚಕಮಕಿಯಾಗಿ ಹುಟ್ಟಿದ ಬಂದೂಕು 19ನೆಯ ಶತಮಾನದಲ್ಲಿ ಹೊಸ ಕಾಲಕ್ಕೆ ಮಾರ್ಪಟ್ಟಿತೆಂದು ತಿಳಿಯಬಹುದು. ಕಿವಿಯಲ್ಲಿ ಮುರಿದ ಮೊಳೆ ಉಳಿದಿದ್ದರೆ ಅದು ಸೋಲಿನ ಅಥವಾ ನಿಶ್ಶಸ್ತ್ರೀಕರಣದ ಗುರುತಾಗಿರಬಹುದು. ಅಂದಗೊಳಿಸುವ ಉತ್ಸಾಹದಲ್ಲಿ ತುಕ್ಕನ್ನು ಉಜ್ಜಿ, ತೂತನ್ನು ಹೊಸದಾಗಿ ಕೊರೆದರೆ ಈ ಎಲ್ಲ ಗುರುತುಗಳೂ ಒಮ್ಮೆಗೇ ಅಳಿಯುತ್ತವೆ. ಬರಹದ ದಾಖಲೆಯಿಲ್ಲದ ಬಂದೂಕಿನ ಪಾಲಿಗೆ ಎರಡು ಮಿಲಿಮೀಟರಿನ ಈ ತೂತೇ ಅದರ ಚರಿತ್ರೆಯ ಮುಖ್ಯ ಪುಟ.